ಹೆಸರಿಲ್ಲದ ಬುಟ್ಟಿ

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಎಂಬುದು ಈ ಪುಟವನ್ನು ವಾರವಾರವೂ ಓದುವ ನಿಮಗೆ ಗೊತ್ತೇ ಇದೆ. ಆಗ ನಮಗೆ ತಲೆನೋವು ತರುತ್ತಿದ್ದುದು ಕಳೆದುಹೋದ ಹಣವಲ್ಲ, ಹೆಸರಿಲ್ಲದೆ ಬಂದ ಹಣ. ಯಾರು ಕಟ್ಟಿದ್ದು, ಯಾರ ಖಾತೆಗೆ ಸೇರಬೇಕಾದ್ದು ಎಂದು ತಿಳಿಯದಿದ್ದರೆ ಅದನ್ನು ‘ಸಸ್ಪೆನ್ಸ್ ಖಾತೆ’ಯಲ್ಲಿ ಇಡುತ್ತಿದ್ದೆವು. ವಾರಸುದಾರ ಸಿಗುವ ತನಕ ಅದು ಅಲ್ಲೇ ಕೂತಿರುತ್ತಿತ್ತು. ತಪಾಸಣೆಗೆ ಬಂದವರು ಮೊದಲು ಬೆರಳಿಡುತ್ತಿದ್ದುದೂ ಅದರ ಮೇಲೆಯೇ.

ಅಂಥ ಒಂದು ಸಸ್ಪೆನ್ಸ್ ಖಾತೆ ನಿವೃತ್ತಿಯಾದ ಮೇಲೂ ನನ್ನನ್ನು ಹುಡುಕಿಕೊಂಡು ಬಂತು. ಅದೂ ಅಮೆರಿಕದಲ್ಲಿ!

ಹಿಂದೊಮ್ಮೆ ಅಕ್ಟೋಬರಿನಲ್ಲಿ ನಾನೂ ನನ್ನ ಹೆಂಡತಿಯೂ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ತಿಂಗಳ ಮೂರನೆಯ ವಾರ. ಸಂಜೆ ಆರೂವರೆಗೆಲ್ಲ ಕತ್ತಲಾಗಿತ್ತು. ಬಾಗಿಲ ಗಂಟೆ ಬಾರಿಸಿತು. ತೆರೆದು ನೋಡಿದರೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಕಿತ್ತಳೆ ಬಣ್ಣದ ಸಣ್ಣ ಬಕೆಟ್ಟು, ಒಳಗೆ ಏನೇನೋ ಪೊಟ್ಟಣ, ಮೇಲೆ ದೆವ್ವದ ಚಿತ್ರ ಬರೆದ ಹಾಳೆ. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬಾರದು ಎಂದು ಬಸ್ ನಿಲ್ದಾಣದಲ್ಲಿ ಕೇಳಿ ಕೇಳಿ ಬೆಳೆದವನಲ್ಲವೇ ನಾನು? ಹಾಗೇ ಬಾಗಿಲು ಹಾಕಿ ಚಿಲಕ ಜಡಿದೆ.

“ಯಾರು ತಾತಾ?” ಎಂದಳು ಒಂಬತ್ತು ವರ್ಷದ ಮೊಮ್ಮಗಳು.

“ಯಾರೂ ಇಲ್ಲ. ಯಾರದೋ ಬಕೆಟ್ಟು. ನಾಳೆ ಬಂದು ತೊಗೊಂಡು ಹೋಗ್ತಾರೆ.”

ಅವಳು ಕಿರುಚಿದ ರಭಸಕ್ಕೆ ಅಡುಗೆಮನೆಯಿಂದ ಇಬ್ಬರು ಓಡಿಬಂದರು. “ತಾತಾ! ನಮ್ಮನ್ನ ‘ಬೂ’ ಮಾಡಿದಾರೆ!”

ಆಮೇಲೆ ನನಗೆ ಪಾಠವಾಯಿತು. ಅಲ್ಲಿ ಅಕ್ಟೋಬರ್ 31ರಂದು ಹ್ಯಾಲೋವೀನ್ ಹಬ್ಬ. ಅದಕ್ಕೆ ಮುಂಚಿನ ದಿನಗಳಲ್ಲಿ ಅನೇಕ ಬೀದಿಗಳಲ್ಲಿ ಈ ಗುಟ್ಟಿನ ಬುಟ್ಟಿಯ ಆಟ ನಡೆಯುತ್ತದೆ. ಯಾರೋ ನಿಮ್ಮ ಬಾಗಿಲಲ್ಲಿ ತಿಂಡಿ, ಆಟಿಕೆ ತುಂಬಿದ ಬುಟ್ಟಿ ಇಟ್ಟು, ಗಂಟೆ ಒತ್ತಿ ಓಡಿಹೋಗುತ್ತಾರೆ. ಬುಟ್ಟಿ ನಿಮ್ಮದು. ಜೊತೆಗಿದ್ದ ದೆವ್ವದ ಹಾಳೆಯನ್ನು ನಿಮ್ಮ ಬಾಗಿಲಿಗೆ ಅಂಟಿಸಬೇಕು. ‘ಈ ಮನೆಗೆ ಆಗಲೇ ಬಂದಿದೆ’ ಎಂದು ಅದರ ಅರ್ಥ. ಎರಡು ದಿನದೊಳಗೆ ನೀವು ಎರಡು ಬುಟ್ಟಿ ಕಟ್ಟಿ, ಹಾಳೆ ಇಲ್ಲದ ಎರಡು ಮನೆಗಳ ಮುಂದೆ ಹಾಗೆಯೇ ಗುಟ್ಟಾಗಿ ಇಟ್ಟು ಬರಬೇಕು. ಕೊಟ್ಟವರು ಯಾರೆಂದು ಕೊನೆಗೂ ಹೇಳಬಾರದು.

“ಓ, ನಮ್ಮ ‘ನಾಳೆ ಬಾ’ ಇದ್ದ ಹಾಗೆ!” ಎಂದಳು ನನ್ನ ಹೆಂಡತಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕೆಲವು ಕಡೆ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ ಎಂಬ ಗಾಳಿಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ಅಜ್ಜ-ಅಜ್ಜಿಯರಿಗೆ ನೆನಪಿರಬಹುದು. ನಮ್ಮ ದೆವ್ವ ಓದಿಕೊಂಡು ವಾಪಸ್ಸು ಹೋಗುತ್ತಿತ್ತು. ಅಲ್ಲಿಯ ದೆವ್ವ ಓದಿಕೊಂಡು ಪಕ್ಕದ ಮನೆಗೆ ಚಾಕೊಲೇಟು ಕೊಡಲು ಹೋಗುತ್ತದೆ. ಅಷ್ಟೇ ವ್ಯತ್ಯಾಸ.

ಈ ಹಬ್ಬದ ಮೂಲ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ರಾತ್ರಿ ಸತ್ತವರು ಮನೆಗಳತ್ತ ಬರುತ್ತಾರೆಂದು ಹಿಂದೆ ನಂಬುತ್ತಿದ್ದರು. ಮಹಾಲಯ ಅಮಾವಾಸ್ಯೆಯಲ್ಲಿ ನಾವು ಹಿರಿಯರಿಗೆ ಎಡೆ ಇಡುವುದಿಲ್ಲವೇ, ಹಾಗೆ. ಅಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರಂತೆ. ಆ ಜನ ಅಮೆರಿಕಕ್ಕೆ ವಲಸೆ ಬಂದಾಗ, ಕೊರೆಯುವುದಕ್ಕೆ ಸುಲಭವಾದ ದಪ್ಪ ಕುಂಬಳಕಾಯಿ ಸಿಕ್ಕಿತು. ಅದಕ್ಕೇ ಕಣ್ಣು, ಹಲ್ಲು ಕೊರೆದರು. ನಾವು ಹೊಸ ಮನೆಯ ಮುಂದೆ ಮೀಸೆ ಬರೆದ ದೃಷ್ಟಿ ಕುಂಬಳಕಾಯಿ ಕಟ್ಟುತ್ತೇವಲ್ಲ, ಅದರ ದೂರದ ನೆಂಟನ ಹಾಗೆ ಕಾಣುತ್ತದೆ ಅದು. 31ರ ಸಂಜೆ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವುದನ್ನು ನೋಡಿದಾಗ, ಮೈಸೂರಿನಲ್ಲಿ ದಸರಾ ದಿನಗಳಲ್ಲಿ “ಗೊಂಬೆ ಕೂರಿಸಿದ್ದೀರಾ?” ಎಂದು ಮನೆಮನೆ ತಿರುಗಿ ಚರುಪು ಇಸಿದುಕೊಳ್ಳುತ್ತಿದ್ದ ನನ್ನ ಬಾಲ್ಯ ನೆನಪಾಯಿತು.

ಸರಿ, ಈಗ ಎರಡು ಬುಟ್ಟಿ ಕಟ್ಟಬೇಕು. ಎರಡಕ್ಕೂ ಸೇರಿ ಇಪ್ಪತ್ತು ಡಾಲರ್ ಮೀರಬಾರದು ಎಂದು ಮಗಳು ಆದೇಶ ಹೊರಡಿಸಿದಳು. (ಕೊನೆಗೆ ಖರ್ಚಾದದ್ದು 19 ಡಾಲರ್ 40 ಸೆಂಟ್. ಚೀಟಿ ಇಟ್ಟುಕೊಂಡಿದ್ದೇನೆ.)

ಊರಿನಿಂದ ತಂದಿದ್ದ ಕಡಲೆಕಾಯಿ ಚಿಕ್ಕಿಯನ್ನು ಬುಟ್ಟಿಗೆ ಹಾಕಲು ಹೋದೆ. ಮಗಳು ಕೈ ಹಿಡಿದಳು. “ಅಪ್ಪಾ, ಬೇಡ. ಕೆಲವು ಮಕ್ಕಳಿಗೆ ಕಡಲೆಕಾಯಿ ಅಲರ್ಜಿ. ಒಂದು ಚೂರು ತಿಂದರೂ ಉಸಿರು ಕಟ್ಟಿ ಆಸ್ಪತ್ರೆಗೆ ಓಡಬೇಕಾಗುತ್ತೆ.” ಅಲ್ಲಿ ಕೆಲವು ಮನೆಗಳ ಮುಂದೆ ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಇಟ್ಟಿರುತ್ತಾರೆ. ‘ಅಲರ್ಜಿ ಇರುವ ಮಕ್ಕಳೂ ಬನ್ನಿ, ನಮ್ಮಲ್ಲಿ ತಿನ್ನುವುದಲ್ಲದ ಉಡುಗೊರೆಯೂ ಇದೆ’ ಎಂಬ ಗುರುತು ಅದು. 2014ರಿಂದ ಅದು ದೇಶದಾದ್ಯಂತ ಹಬ್ಬಿದೆಯಂತೆ. ಒಂದು ಬಣ್ಣದಿಂದ ಎಷ್ಟು ದೊಡ್ಡ ಮಾತು! ಚಿಕ್ಕಿಯನ್ನು ನಾನೇ ತಿಂದು ಮುಗಿಸಿದೆ.

ಮೊದಲ ಬುಟ್ಟಿ ಮೊಮ್ಮಗಳ ಗೆಳತಿಯ ಮನೆಗೆ ಎಂದು ತೀರ್ಮಾನವಾಯಿತು. ಅಲ್ಲಿ ಎರಡು ವರ್ಷದ ತಮ್ಮನಿದ್ದಾನೆ, ನಾಯಿಯೂ ಇದೆ. ಪುಟ್ಟ ಮಕ್ಕಳಿಗೆ ಗಟ್ಟಿ ಮಿಠಾಯಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನಾಯಿಗೆ ಚಾಕೊಲೇಟು ವಿಷ. ಹಾಗಾಗಿ ಸ್ಟಿಕ್ಕರ್ ಪುಸ್ತಕ, ಬಣ್ಣದ ಕಡ್ಡಿ, ಕತ್ತಲಲ್ಲಿ ಹೊಳೆಯುವ ಬಳೆ, ಬ್ಯಾಟರಿ ದೀಪ, ನಾಲ್ಕು ಪೊಟ್ಟಣ ಬಿಸ್ಕತ್ತು. ಕೊಡುವವನ ಅಲಮಾರಿಯನ್ನಲ್ಲ, ತೆಗೆದುಕೊಳ್ಳುವವನ ಮನೆಯನ್ನು ನೋಡಿ ಬುಟ್ಟಿ ತುಂಬಬೇಕು. ಅವತ್ತು ನಾನು ಕಲಿತದ್ದು ಇದು.

ಎರಡನೆಯದು ಯಾರಿಗೆ?

ಸಂಜೆ ವಾಕಿಂಗಿನಲ್ಲಿ ನನ್ನ ಹಳೇ ಚಾಳಿಯಂತೆ ಲೆಕ್ಕ ಹಾಕಿದ್ದೆ. ಒಂದು ಮನೆಯಿಂದ ಎರಡು, ಎರಡರಿಂದ ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಎಲ್ಲ ಕೂಡಿದರೆ 63. ಎರಡು ದಿನಕ್ಕೊಂದು ಸುತ್ತು ಎಂದರೂ ಹತ್ತೇ ದಿನದಲ್ಲಿ 63 ಮನೆ. ಮಗಳ ಬೀದಿಯಲ್ಲಿ ಇರುವುದೇ ನಲವತ್ತು ಮನೆ. ಆದರೂ ನಾಲ್ಕು ಬಾಗಿಲುಗಳಲ್ಲಿ ಹಾಳೆ ಇರಲಿಲ್ಲ. ಎರಡು ಮನೆಯವರು ಊರಲ್ಲಿರಲಿಲ್ಲ. ಒಂದು ಮೊಮ್ಮಗಳ ಗೆಳತಿಯದು. ನಾಲ್ಕನೆಯದು ಎದುರುಸಾಲಿನ ಮೂಲೆಮನೆ.

ಅಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದರು. ಆ ವರ್ಷ ಬೇಸಗೆಗೆ ಮುಂಚೆ ಅವರ ಯಜಮಾನರು ತೀರಿಹೋಗಿದ್ದರು. ಪ್ರತಿವರ್ಷ ಮೆಟ್ಟಿಲಿಗೊಂದರಂತೆ ಕುಂಬಳಕಾಯಿ ಇಡುತ್ತಿದ್ದವರು ಆ ಅಜ್ಜನಂತೆ. ಈ ಸಲ ಮೆಟ್ಟಿಲು ಬರಿದು. ಮುಂಬಾಗಿಲ ದೀಪವೂ ಆರಿತ್ತು. ಆ ದೇಶದಲ್ಲಿ ಹ್ಯಾಲೋವೀನ್ ಸಮಯದಲ್ಲಿ ಮುಂದಿನ ದೀಪ ಆರಿದ್ದರೆ ‘ಇಲ್ಲಿಗೆ ಬರಬೇಡಿ’ ಎಂದರ್ಥ.

“ಆ ಅಜ್ಜಿಗೆ ಇಡೋಣ” ಎಂದಳು ಮೊಮ್ಮಗಳು.

ನಾನು ಬೇಡವೆಂದೆ. ಸಾವಾದ ಮನೆಯ ಮುಂದೆ ದೆವ್ವದ ಚಿತ್ರ ಇಡುವುದೇ? ನಮ್ಮಲ್ಲಿ ಸಾವಾದ ವರ್ಷ ಹಬ್ಬ ಮಾಡುವುದಿಲ್ಲ. ಅವರಾಗಿ ದೀಪ ಆರಿಸಿದ್ದಾರೆ. ಬೇಡ ಎಂದವರನ್ನು ಅವರ ಪಾಡಿಗೆ ಬಿಡುವುದೇ ಮರ್ಯಾದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ತಾತಾ, ದೀಪ ಆರಿಸಿರೋದು ಯಾರೂ ಬರಬೇಡಿ ಅಂತಾನಾ, ಇಲ್ಲ ಹೇಗಿದ್ರೂ ಯಾರೂ ಬರಲ್ಲ ಅಂತಾನಾ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಎರಡೂ ದೀಪ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ.

ಮಧ್ಯಸ್ಥಿಕೆ ಮಾಡಿದವಳು ನನ್ನ ಹೆಂಡತಿ. “ಸೂತಕದ ಮನೇಲಿ ಒಲೆ ಹಚ್ಚದೇ ಇದ್ದಾಗ ಅಕ್ಕಪಕ್ಕದವರು ಅನ್ನ ತಂದು ಇಡಲ್ವೇ? ಅದು ಹಬ್ಬಕ್ಕಲ್ಲ. ಹಾಗೆ ಇಡೋಣ. ದೆವ್ವ ಬೇಡ, ಬಾಗಿಲಿಗೆ ಅಂಟಿಸೋ ಹಾಳೆ ಬೇಡ, ‘ನೀವೂ ಎರಡು ಕಟ್ಟಿ’ ಅನ್ನೋ ಸಾಲ ಅಂತೂ ಬೇಡವೇ ಬೇಡ.”

ಸಾಲ! ಬ್ಯಾಂಕಿನವನಿಗೆ ಹೊಳೆಯದ ಮಾತು ಅವಳಿಗೆ ಹೊಳೆದಿತ್ತು. ಸಂತೋಷದಲ್ಲಿರುವವರಿಗೆ ‘ಮುಂದಕ್ಕೆ ದಾಟಿಸಿ’ ಎಂಬುದು ಆಟ. ದಣಿದವರಿಗೆ ಅದೇ ಹೊರೆ.

ಹಾಗಾಗಿ ಎರಡನೆಯ ಬುಟ್ಟಿಯಲ್ಲಿ ಇದ್ದದ್ದು ಇಷ್ಟು: ಒಂದು ಡಬ್ಬಿ ಚಹಾ, ಮೆತ್ತನೆಯ ಬಿಸ್ಕತ್ತು, ಮೊಮ್ಮಗಳು ಬರೆದ ಮೇಪಲ್ ಎಲೆಯ ಚಿತ್ರ, ಮತ್ತು ಒಂದು ಪುಟ್ಟ ಕುಂಡದಲ್ಲಿ ಹಳದಿ ಸೇವಂತಿಗೆ. ಅಕ್ಟೋಬರಿನಲ್ಲಿ ಅಲ್ಲಿಯ ಅಂಗಡಿಗಳ ಮುಂದೆಲ್ಲ ಸೇವಂತಿಗೆ ಕುಂಡಗಳ ಸಾಲು. ನಮ್ಮ ದಸರೆಯ ಹೂವೇ ಅವರ ಶರತ್ಕಾಲದ ಹೂವೂ ಹೌದು.

ಇನ್ನು ಇಟ್ಟು ಬರುವ ಕೆಲಸ. ರಸ್ತೆ ಬದಿಯ ಅಂಚೆ ಡಬ್ಬಿಯಲ್ಲೇ ಬುಟ್ಟಿ ಇಟ್ಟುಬಿಟ್ಟರೆ ನನ್ನ ಮಂಡಿಗೆ ಒಳ್ಳೆಯದು ಎಂದೆ. ಅದೂ ಆಗದಂತೆ! ಆ ದೇಶದಲ್ಲಿ ಮನೆಯ ಅಂಚೆ ಡಬ್ಬಿಯೊಳಗೆ ಅಂಚೆ ವೆಚ್ಚ ಕೊಡದ ಯಾವ ವಸ್ತುವನ್ನೂ ಇಡುವುದು ಕಾನೂನಿಗೆ ವಿರುದ್ಧ. ಮೆಟ್ಟಿಲವರೆಗೂ ಹೋಗಲೇಬೇಕು.

ಏಳು ಗಂಟೆಗೆ ಹೊರಟೆವು. ಮೊಮ್ಮಗಳು ಬುಟ್ಟಿ ಇಟ್ಟು, ಗಂಟೆ ಒತ್ತಿ, ಜಿಂಕೆಯ ಹಾಗೆ ಓಡಿ ಮಾಯವಾದಳು. ಎಪ್ಪತ್ತು ದಾಟಿದ ನಾನು ಎಲ್ಲಿಗೆ ಓಡಲಿ? ಅಂಗಳದ ಮೇಪಲ್ ಮರದ ಹಿಂದೆ ನಿಂತೆ. ಹೆಜ್ಜೆ ಇಟ್ಟ ಕೂಡಲೆ ಗ್ಯಾರೇಜಿನ ಮೇಲೆ ತಾನಾಗಿ ಹತ್ತಿಕೊಳ್ಳುವ ದೀಪವೊಂದು ಝಗ್ಗನೆ ಹತ್ತಿತು. ಮರವೋ ಸಪೂರ. ನನ್ನ ತಲೆಯ ಮೇಲೆ ಊರಿನಿಂದ ತಂದ ಕೆಂಪು ಮಂಕಿ ಟೋಪಿ.

ಬಾಗಿಲು ತೆರೆಯಿತು. ಆ ಅಜ್ಜಿ ಕುಂಡವನ್ನು ನೋಡಿದರು. ಮರವನ್ನು ನೋಡಿದರು. ಬಹಳ ಹೊತ್ತು ನಿಂತರು ಎಂದು ನನಗನ್ನಿಸಿತು. ಆಮೇಲೆ ನಿಧಾನವಾಗಿ ಬಗ್ಗಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಏನೂ ಮಾತಾಡಲಿಲ್ಲ.

31ರ ಸಂಜೆ ಬೀದಿ ತುಂಬ ಹುಲಿ, ರಾಜಕುಮಾರಿ, ಅಸ್ಥಿಪಂಜರಗಳ ಓಡಾಟ. ಮೊಮ್ಮಗಳು ಹತ್ತು ಸಲ ಮೂಲೆಮನೆಯ ಕಡೆ ನೋಡಿದಳು. ದೀಪ ಹತ್ತಲಿಲ್ಲ. ಕತೆಯಾಗಿದ್ದರೆ ಹತ್ತುತ್ತಿತ್ತು. ಆದರೆ ಮಕ್ಕಳೇ, ಒಂದು ಕುಂಡ ಹೂವಿನಿಂದ ತೀರುವಂಥದ್ದಲ್ಲ ಆ ದುಃಖ. ಅವಳ ಮುಖ ಸಣ್ಣದಾಯಿತು. “ನಾನು ಆಗಲೇ ಹೇಳಲಿಲ್ಲವೇ” ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮಾರನೆಯ ಬೆಳಿಗ್ಗೆ ನೋಡಿದರೆ ಸೇವಂತಿಗೆ ಕುಂಡ ಆ ಮನೆಯ ಮೇಲಿನ ಮೆಟ್ಟಿಲ ಮೇಲೆ, ಬಿಸಿಲು ಬೀಳುವ ಕಡೆ ಇತ್ತು. ಸುತ್ತ ನೆಲ ಒದ್ದೆಯಾಗಿತ್ತು. ಯಾರೋ ನೀರು ಹಾಕಿದ್ದರು.

ನಾವು ಊರಿಗೆ ಹೊರಡುವ ಮುನ್ನಾದಿನ ಕಸದ ಡಬ್ಬಿ ತಳ್ಳಿಕೊಂಡು ರಸ್ತೆಗೆ ಬಂದೆ. ಎದುರಿಗೆ ಆ ಅಜ್ಜಿಯೂ ಅದೇ ಕೆಲಸಕ್ಕೆ ಬಂದಿದ್ದರು. ನನ್ನನ್ನು ನೋಡಿ ಕೈ ಎತ್ತಿದರು. ಆಮೇಲೆ ಬೆರಳಿನಿಂದ ತಮ್ಮ ತಲೆ ತೋರಿಸಿ, ಟೋಪಿ ಎಳೆದುಕೊಳ್ಳುವ ಹಾಗೆ ಮಾಡಿ, ಒಳಗೆ ಹೋದರು. ಗುಟ್ಟು ಗುಟ್ಟಾಗಿಯೇ ಉಳಿಯಿತು ಎನ್ನಿ!

ನಮ್ಮ ಬಾಗಿಲಿಗೆ ಮೊದಲು ಬಂದ ಬಕೆಟ್ಟು ಯಾರು ಇಟ್ಟದ್ದು? ಇವತ್ತಿಗೂ ಗೊತ್ತಿಲ್ಲ. ನನ್ನ ಜೀವನದಲ್ಲಿ ಮುಚ್ಚದೆ ಉಳಿದ ಒಂದೇ ಒಂದು ಸಸ್ಪೆನ್ಸ್ ಖಾತೆ ಅದು. ಹಾಗೇ ಇರಲಿ.

ಹ್ಯಾಲೋವೀನನ್ನು ಇಲ್ಲಿಗೆ ಹೊತ್ತು ತರಬೇಕೆಂದು ನಾನು ಹೇಳುತ್ತಿಲ್ಲ. ಸಂಕ್ರಾಂತಿಗೆ ಎಳ್ಳು ಬೀರುವ ಜನ ನಾವು. ಆದರೆ ಹೆಸರು ಹೇಳದೆ ಕೊಡುವ ಆ ಗುಟ್ಟಿನ ರುಚಿಯನ್ನು ನಮ್ಮ ದೀಪಾವಳಿಗೂ ಸ್ವಲ್ಪ ಬೆರೆಸಬಹುದಲ್ಲವೇ? ಮಾಡುವುದಾದರೆ ಮೂರು ಮಾತು ನೆನಪಿಡಿ. ತಿಂಡಿ ಇಡುವ ಮುಂಚೆ ಆ ಮನೆಯವರಿಗೆ ಆಗದ್ದೇನು ಎಂದು ದೊಡ್ಡವರನ್ನು ಕೇಳಿ. ಸಕ್ಕರೆ ಕಾಯಿಲೆಯ ಅಜ್ಜನಿಗೆ ಜಿಲೇಬಿ ಬೇಡ, ಸೀಬೆಹಣ್ಣು ಸಾಕು. ಉರಿಯುವ ದೀಪ ಇಟ್ಟು ಓಡಬೇಡಿ. ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ. ಓಡಲಾರರು, ಆದರೆ ಮರದ ಹಿಂದೆ ನಿಲ್ಲುವುದಕ್ಕೆ ಬರುತ್ತದೆ.

ಈ ವಾರದ ಲೆಕ್ಕ: 121 ಮನೆಗಳಿರುವ ಒಂದು ಬಡಾವಣೆ. ಒಂದು ಮನೆಯಿಂದ ಆಟ ಶುರು. ಬುಟ್ಟಿ ಸಿಕ್ಕ ಪ್ರತಿಯೊಬ್ಬರೂ ಎರಡು ದಿನದ ನಂತರ ಮೂರು ಹೊಸ ಮನೆಗಳಿಗೆ ಬುಟ್ಟಿ ಇಟ್ಟರೆ, ಎಲ್ಲ ಮನೆಗೂ ತಲುಪಲು ಎಷ್ಟು ದಿನ ಬೇಕು? ಅಜ್ಜ-ಅಜ್ಜಿಯರು ಸುಳಿವು ಕೊಡಬಹುದು, ಉತ್ತರ ಹೇಳಬಾರದು. ಲೆಕ್ಕ ಮುಗಿದ ಮೇಲೆ ನಿಮ್ಮ ಬೀದಿಯಲ್ಲಿ ಒಮ್ಮೆ ನಡೆದು ನೋಡಿ: ಎಲ್ಲರ ಲೆಕ್ಕದಿಂದಲೂ ಬಿಟ್ಟುಹೋದ ಮನೆ ಯಾವುದು? ಅದಕ್ಕೆ ಉತ್ತರ ನನಗೆ ಬರೆದು ಕಳಿಸಬೇಡಿ. ಅಲ್ಲಿಗೇ ಹೋಗಿ.