‘ಡಿಪ್ಲಾಯ್ಡ್’ ಅಂದುಬಿಟ್ಟರೆ ಸಾಕಾ?

ವಿಮಾನ ರನ್‌ವೇ ದಾಟಿ ಹೋಯಿತು ಅಂತ ಸುದ್ದಿ ಬಂದರೆ ಸಾಕು, ನಮ್ಮಲ್ಲಿ ಎರಡು ಗುಂಪು ಹುಟ್ಟಿಕೊಳ್ಳುತ್ತವೆ. "ಪೈಲಟ್‌ದೇ ತಪ್ಪು, ಮೊದಲು ಅವನನ್ನ ಮನೆಗೆ ಕಳಿಸಿ" ಅನ್ನೋದು ಒಂದು. "ಪಾಪ ಅವನೇನು ಮಾಡ್ತಾನೆ, ಮೆಷಿನ್ನೇ ಕೈಕೊಡ್ತು, ಮೇಲಿಂದ ಹಿಮ ಬೇರೆ" ಅನ್ನೋದು ಇನ್ನೊಂದು. ಎರಡೂ ಗುಂಪಿನ ಮೇಲೆ ನನಗೆ ತಕರಾರಿದೆ. ಯಾಕೆ ಅಂತ ಹೇಳೋಕೆ ಒಂದು ಘಟನೆ ಹೇಳಬೇಕು.

2010ರ ಡಿಸೆಂಬರ್ 29. ಚಿಕಾಗೋದಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 757 ವಿಮಾನ ವಯೋಮಿಂಗ್ ರಾಜ್ಯದ ಜಾಕ್ಸನ್ ಹೋಲ್‌ನಲ್ಲಿ ಇಳಿಯಿತು. ಸುತ್ತ ಬೆಟ್ಟ, ರನ್‌ವೇ ಉದ್ದ ಸುಮಾರು 6,300 ಅಡಿ, ಹಿಮ ಬೀಳ್ತಾ ಇತ್ತು. ಒಳಗೆ 185 ಜನ. ಚಕ್ರ ನೆಲ ಮುಟ್ಟಿದ್ದು ಸರಿಯಾದ ಜಾಗದಲ್ಲೇ. ಆದರೂ ವಿಮಾನ ರನ್‌ವೇ ಮುಗಿಸಿ, ಆಚೆ 700 ಅಡಿಗೂ ಹೆಚ್ಚು ಹೋಗಿ, ಹಿಮದ ರಾಶಿಯಲ್ಲಿ ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅದಕ್ಕೇ ಇರಬೇಕು, ಹೆಚ್ಚಿನವರಿಗೆ ಇದು ನೆನಪೂ ಇಲ್ಲ.

ಇಳಿದ ವಿಮಾನವನ್ನು ನಿಲ್ಲಿಸೋದು ಮೂರು ಸಂಗತಿ. ರೆಕ್ಕೆಯ ಮೇಲೆ ಎದ್ದು ನಿಲ್ಲುವ ಸ್ಪೀಡ್‌ಬ್ರೇಕ್ ಹಲಗೆಗಳು, ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ಥ್ರಸ್ಟ್ ರಿವರ್ಸರ್, ಮತ್ತೆ ಚಕ್ರದ ಬ್ರೇಕು. ಹಲಗೆ ಏಳದಿದ್ದರೆ ರೆಕ್ಕೆ ಇನ್ನೂ ವಿಮಾನವನ್ನು ಎತ್ತುತ್ತಲೇ ಇರುತ್ತೆ, ಭಾರ ಪೂರ್ತಿ ಚಕ್ರದ ಮೇಲೆ ಬೀಳಲ್ಲ. ಭಾರ ಇಲ್ಲದ ಚಕ್ರಕ್ಕೆ ಹಿಮದ ಮೇಲೆ ಎಷ್ಟು ಬ್ರೇಕ್ ಒತ್ತಿದರೇನು?

ಅವತ್ತು ಮೊದಲ ಎರಡೂ ಕೈಕೊಟ್ಟವು. ತಯಾರಿಕೆಯಲ್ಲೇ ದೋಷವಿದ್ದ ಒಂದು ಕ್ಲಚ್‌ನಿಂದಾಗಿ ಹಲಗೆಗಳು ತಾವಾಗೇ ಏಳಲಿಲ್ಲ. ರಿವರ್ಸರ್ ಅರ್ಧದಲ್ಲೇ ಲಾಕ್ ಆಯಿತು. ರಿವರ್ಸರ್ ಸಿಕ್ಕಿಹಾಕಿಕೊಂಡರೆ ಕೈಗೆ ಗೊತ್ತಾಗುತ್ತೆ, ಲಿವರ್ ಬರಲ್ಲ, ಎಳೆದಾಟ ಶುರು. ಹಲಗೆ ಏಳದಿರೋದು ಮಾತ್ರ ಸದ್ದಿಲ್ಲದ ಸಂಗತಿ. ಕೋ-ಪೈಲಟ್ ವಿಮಾನ ಇಳಿಸ್ತಾ ಇದ್ದರು. ಹಲಗೆ ಎದ್ದಿದೆಯಾ ಅಂತ ನೋಡಿ ಹೇಳೋದು ಕ್ಯಾಪ್ಟನ್ ಕೆಲಸ. ಅವರು "ಡಿಪ್ಲಾಯ್ಡ್" ಅಂದರು. ಆದರೆ ಹಲಗೆ ಎದ್ದಿರಲಿಲ್ಲ! ಆಮೇಲೆ ಇಬ್ಬರ ಗಮನವೂ ರಿವರ್ಸರ್ ಮೇಲೆ. ಕೈಯಳತೆಯಲ್ಲೇ ಇದ್ದ ಸ್ಪೀಡ್‌ಬ್ರೇಕ್ ಲಿವರನ್ನು ಯಾರೂ ಎಳೆಯಲಿಲ್ಲ. ತಮಾಷೆ ಅಂದರೆ, ಕಿಟಕಿ ಪಕ್ಕ ಕೂತಿದ್ದ ಪ್ರಯಾಣಿಕರೊಬ್ಬರು ಮಾಡಿದ ವಿಡಿಯೋದಲ್ಲಿ ರೆಕ್ಕೆ ಬೋಳಾಗಿರೋದು ಸ್ಪಷ್ಟವಾಗಿ ಕಾಣುತ್ತೆ. ಕಾಕ್‌ಪಿಟ್‌ನಲ್ಲಿ ಕೂತವರಿಗೆ ರೆಕ್ಕೆ ಕಾಣಲ್ಲ.

ಈಗ ಹೇಳಿ, ತಪ್ಪು ಯಾರದು? 2012ರಲ್ಲಿ ವರದಿ ಕೊಟ್ಟ ಎನ್‌ಟಿಎಸ್‌ಬಿ, ಅಂದರೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಕ್ಲಚ್ಚನ್ನೂ ಕ್ಯಾಪ್ಟನ್ನನ್ನೂ ರಿವರ್ಸರನ್ನೂ ಒಟ್ಟಿಗೇ ಹೆಸರಿಸಿತು. ಸರಿಯಾಗೇ ಇದೆ. ನನ್ನ ಸಿಟ್ಟು ಇರೋದು ಆ ಒಂದು ಪದದ ಮೇಲೆ.

ಹಿಂದಕ್ಕೆ ಹೋಗಿ. 1999ರ ಜೂನ್ 1, ಲಿಟಲ್ ರಾಕ್. ಹಿಮ ಅಲ್ಲ, ಗುಡುಗು ಮಳೆ. ವಿಮಾನ ಇದೇ ಸಂಸ್ಥೆಯದು. ಅಲ್ಲೂ ಹಲಗೆ ಏಳಲಿಲ್ಲ, ಇಬ್ಬರೂ ಗಮನಿಸಲಿಲ್ಲ, ರನ್‌ವೇ ದಾಟಿತು. ಕ್ಯಾಪ್ಟನ್ ಸೇರಿ 11 ಜನ ಸತ್ತರು. ಹಲಗೆ ಎದ್ದಿತೋ ಇಲ್ಲವೋ ಅಂತ ಬಾಯಿಬಿಟ್ಟು ಹೇಳೋದು ಎಷ್ಟು ಮುಖ್ಯ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಾ? ಹನ್ನೊಂದು ವರ್ಷದ ನಂತರ ಜಾಕ್ಸನ್ ಹೋಲ್‌ನಲ್ಲಿ ಬಾಯೇನೋ ಹೇಳಿತು, ಕಣ್ಣು ನೋಡಿರಲಿಲ್ಲ. ಸಾವಿರ ಸಲ ಎದ್ದ ಹಲಗೆ ಈ ಸಲವೂ ಏಳುತ್ತೆ ಅನ್ನೋ ನಂಬಿಕೆ. ಅರ್ಥ ಗೊತ್ತಿಲ್ಲದೆ ಮಂತ್ರ ಹೇಳಿ ಹೂ ಹಾಕಿದ ಹಾಗೆ.

"ಅಯ್ಯೋ, ಅಷ್ಟು ಸೆಕೆಂಡಿನಲ್ಲಿ ಯಾರಿಗೆ ತಾನೆ ಹೊಳೆಯುತ್ತೆ?" ಅಂತೀರಿ. ಒಪ್ಪಿದೆ. ಅದಕ್ಕೇ ಹೇಳ್ತಿರೋದು, ಆ ಸೆಕೆಂಡಿನಲ್ಲಿ ಹೊಳೆಯಲ್ಲ, ಮೊದಲೇ ಕಲಿಸಿರಬೇಕು. ಎರಡು ಸಾಧನ ಒಟ್ಟಿಗೆ ಕೈಕೊಟ್ಟರೆ ಯಾವುದನ್ನ ಮೊದಲು ನೋಡಬೇಕು? ಲಾಕ್ ಆದ ರಿವರ್ಸರನ್ನು ಬಿಡಿಸೋದು ಹೇಗೆ? ಹಲಗೆ ಏಳದಿದ್ದರೆ ಕಿವಿಗೆ ಬಡಿಯುವ ಎಚ್ಚರಿಕೆ ಯಾಕಿರಬಾರದು? ಮಂಡಳಿ ಕೇಳಿದ್ದೂ ಇಂಥದ್ದನ್ನೇ. ಪೈಲಟ್‌ನ ಮನೆಗೆ ಕಳಿಸಿದರೆ ಈ ಯಾವ ಪ್ರಶ್ನೆಗೂ ಉತ್ತರ ಸಿಗಲ್ಲ. ಮೆಷಿನ್ನನ್ನ ಬೈದರೂ ಸಿಗಲ್ಲ.

ಇನ್ನು ಹಿಮದ ವಿಷಯ. ಒಣ ರನ್‌ವೇ ಆಗಿದ್ದರೆ ಇದೇ ತಪ್ಪುಗಳ ನಂತರವೂ ಬ್ರೇಕೇ ವಿಮಾನವನ್ನು ನಿಲ್ಲಿಸಿರೋದು, ನಮಗೆ ಸುದ್ದಿಯೂ ಗೊತ್ತಾಗ್ತಿರಲಿಲ್ಲ. ಹಿಮ ತಪ್ಪು ಮಾಡಿಸಲ್ಲ ಸ್ವಾಮಿ, ತಪ್ಪಿಗಿದ್ದ ರಿಯಾಯಿತಿ ಕಿತ್ತುಕೊಳ್ಳುತ್ತೆ ಅಷ್ಟೆ. ಹಾಗಾಗಿ "ಹಿಮ ಇತ್ತು" ಅನ್ನೋದು ನೆಪ ಅಲ್ಲ, ಇನ್ನೊಂದು ಸಲ ನೋಡೋಕೆ ಕಾರಣ.

ನಾವೇನು ಕಮ್ಮಿ? ನೋಡದೆ ಟಿಕ್ ಹಾಕಿದ ಫಾರಂಗಳು, ಟೆಸ್ಟ್ ಮಾಡದೆ "ಓಕೆ" ಅಂದ ಕೆಲಸಗಳು ನಮ್ಮಲ್ಲಿ ಎಷ್ಟಿಲ್ಲ? ನಮ್ಮ ಪುಣ್ಯ, ನಾವು ಹಿಮದ ಮೇಲೆ ಓಡ್ತಿಲ್ಲ.

ಏನಂತೀರಿ? ಒಪ್ಪದಿದ್ದರೆ ಜಗಳಕ್ಕೆ ಬನ್ನಿ, ಕಾಯ್ತಿರ್ತೀನಿ.