ಪುಡಿಯಲ್ಲದ ವಿಮ್
ವಿಮ್ ಎಂದರೆ ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವ ಪುಡಿ. ಪ್ರೋಗ್ರಾಂ ಬರೆಯುವವರಿಗೆ ಮಾತ್ರ ಅದೊಂದು ಟೆಕ್ಸ್ಟ್ ಎಡಿಟರ್. ಮೌಸ್ ಬೇಕಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ಸರಾಗವಾಗಿ ಓಡುತ್ತದೆ. ಹಾಲೆಂಡಿನ ಬ್ರಾಮ್ ಮೋಲೆನಾರ್ 1991ರಲ್ಲಿ ಹೊರತಂದ ಈ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಅದರ ಒಳಗುಟ್ಟೂ ಎಲ್ಲರಿಗೂ ಮುಕ್ತ. ಮೆಚ್ಚಿದವರು ಉಗಾಂಡದ ಕಿಬಾಲೆಯ ಅನಾಥ ಮಕ್ಕಳಿಗೆ ನೆರವಾಗಲಿ ಎಂಬುದಷ್ಟೇ ಅವರ ಕೋರಿಕೆ. ಅಲ್ಲಿ 1994ರಲ್ಲಿ ಸ್ವಯಂಸೇವಕರಾಗಿ ದುಡಿದು ಬಂದವರು ಅವರು. 2023ರಲ್ಲಿ ತೀರಿಕೊಳ್ಳುವವರೆಗೂ ವಿಮ್ ಅವರ ಕೈಯಲ್ಲೇ ಇತ್ತು.

ಬ್ರೆಜಿಲ್ಲಿನ ತಿಯಾಗೊ ಡಿ ಅರೂಡಾ ಹಿಡಿದದ್ದು ಬೇರೆ ದಾರಿ. ವಿಮ್‌ನ ಹಳೆಯ ಪ್ರೋಗ್ರಾಂ ಸಾಲುಗಳನ್ನು ಹಸನುಗೊಳಿಸಿ ‘ನಿಯೊವಿಮ್’ ಕಟ್ಟಲು ಹೊರಟ ಅವರು, ಪೂರ್ಣಾವಧಿ ಇದಕ್ಕೇ ಕೂರಲು 2014ರಲ್ಲಿ ಸಾರ್ವಜನಿಕರಿಂದ 10 ಸಾವಿರ ಡಾಲರ್ ಕೇಳಿದರು. 30 ಸಾವಿರಕ್ಕೂ ಮೀರಿ ಬಂತು! ಊರ ಜಾತ್ರೆಗೆ ಪಟ್ಟಿ ಎತ್ತಿದ ಹಾಗೆ. ಪರರ ಮಕ್ಕಳಿಗಾಗಿ ಕೈಯೊಡ್ಡುವವರನ್ನು ಹೊಗಳುವ ಜನ, ತನ್ನ ಕೂಲಿ ಕೇಳಿದವರತ್ತ ಹುಬ್ಬೇರಿಸುವುದುಂಟು. ಇದು ನ್ಯಾಯವಲ್ಲ. ಪುಕ್ಕಟೆ ಸಲಕರಣೆ ಬಳಸಿ ಸಂಬಳ ಎಣಿಸುವವರೇನು ಕಡಿಮೆಯೇ?

ಪಟ್ಟಿಯ ಹಣ ಒಂದು ದಿನ ಮುಗಿಯುತ್ತದೆ. ತಂತ್ರಾಂಶದ ದೋಷ ತಿದ್ದುವ ಕೆಲಸ ಮುಗಿಯುವುದಿಲ್ಲ. ನಿಯೊವಿಮ್ ಬಳಗ ಆಮೇಲೆ ತಿಂಗಳ ದೇಣಿಗೆಗೂ ಬಾಗಿಲು ತೆರೆಯಿತು.