ಪಹಣಿಗೆ ಎರಡು ಕಾವಲು

ಶಾನುಭೋಗರ ಕಾಲದಲ್ಲಿ ಲೆಕ್ಕದ ಪುಸ್ತಕಕ್ಕೆ ಗೆದ್ದಲು ಹತ್ತಿದರೆ ಎಷ್ಟೋ ಮನೆಗಳ ನೆಲದ ಹಕ್ಕೇ ಅಲುಗಾಡುತ್ತಿತ್ತು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೈತರ ಪಹಣಿಗಳೂ ಗಣಕಯಂತ್ರವನ್ನು ಸೇರಿದವು. ಗೆದ್ದಲಿನ ಭಯ ತಪ್ಪಿತು. ಆದರೆ ಯಂತ್ರದೊಳಗಿನ ಡಿಸ್ಕಿಗೂ ಆಯುಸ್ಸುಂಟು.

ಇದಕ್ಕೊಂದು ಪರಿಹಾರವನ್ನು 1988ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿದ್ದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು ವಿದ್ವಾಂಸರು ‘ರೇಡ್’ ಎಂಬ ಹೆಸರಿನಿಂದ ವಿವರಿಸಿದರು. ಅದರ ಒಂದು ಬಗೆಯಲ್ಲಿ, ಬರೆದುದೆಲ್ಲ ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಮೂಡುತ್ತದೆ. ಇನ್ನೊಂದು ಬಗೆಯನ್ನು ಸರಳವಾಗಿ ಹೀಗೆ ತಿಳಿಯಬಹುದು: ಒಂದು ಡಿಸ್ಕಿನಲ್ಲಿ 7, ಮತ್ತೊಂದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12. ಯಾವುದೊಂದು ಕೆಟ್ಟರೂ ಉಳಿದೆರಡರಿಂದ ಅದನ್ನು ಲೆಕ್ಕಹಾಕಿ ಪಡೆಯಬಹುದು. ಕೆಟ್ಟ ಡಿಸ್ಕನ್ನು ಮಾತ್ರ ಕೂಡಲೇ ಬದಲಿಸಬೇಕು. ಅಷ್ಟರೊಳಗೆ ಇನ್ನೊಂದೂ ಕೆಟ್ಟರೆ ಎಲ್ಲವೂ ಹೋದಂತೆಯೇ.

ಆದರೆ ಗುಮಾಸ್ತನು ಕೈತಪ್ಪಿ ರೈತನೊಬ್ಬನ ಹೆಸರನ್ನು ಅಳಿಸಿದರೆ? ಎಲ್ಲ ಡಿಸ್ಕುಗಳೂ ಆ ತಪ್ಪನ್ನು ಅಷ್ಟೇ ನಿಷ್ಠೆಯಿಂದ ಪಾಲಿಸುತ್ತವೆ. ಕಚೇರಿಗೆ ಬೆಂಕಿ ಬಿದ್ದರೆ ಎಲ್ಲವೂ ಒಟ್ಟಿಗೆ ಬೂದಿ. ಆದುದರಿಂದ ದಿನದಿನದ ಪ್ರತಿಯೊಂದು ಬೇರೊಂದು ಊರಿನಲ್ಲಿ, ಬೇರೊಂದು ಬೀಗದೊಳಗೆ ಇರಬೇಕು. ಆಗಾಗ್ಗೆ ತೆರೆದು, ಓದಲು ಬರುವುದೋ ಎಂದು ಪರೀಕ್ಷಿಸಲೂ ಬೇಕು. ಡಿಸ್ಕುಗಳ ಜೋಡಣೆ ಕಚೇರಿಯ ಕೆಲಸ ನಿಲ್ಲದಂತೆ ಕಾಯುತ್ತದೆ; ರೈತನ ಹೆಸರನ್ನು ಕಾಯುವುದು ದೂರದ ಆ ಪ್ರತಿ.